ಕೆರೆಯ ದಂಡೆಯ ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿರುವದು. ಎರಡೂ ಕಷ್ಟದ ಕೆಲಸಗಳೇ ಸರಿ. ಆದರೆ ಎರಡಕ್ಕೂ ಒಂದು ಮುಗಿತಾಯವುಂಟು. ಗೃಹಪ್ರವೇಶದ ದಿನ ಕಟ್ಟುವ ಕಷ್ಟ ತೀರುವದು, ಬೀಗರನ್ನು ಬೀಳ್ಕೊಟ್ಟ ದಿನ ಮದುವೆಯ ಕಷ್ಟ ತೀರುವದು. ಎಂದೂ ತೀರದ ಮೂರನೆಯ ಕಷ್ಟವೊಂದಿದೆ. ಅದನ್ನು ಗಾದೆ ಹೇಳಿಲ್ಲ. ಕಟ್ಟಿದ್ದನ್ನು ಕಾಯುವದೇ ಆ ಕಷ್ಟ. ಕಟ್ಟಿದವನ ಹೆಸರು ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಲ್ಪಡುವದು. ನಲವತ್ತು ಮಳೆಗಾಲ ಸೋರದಂತೆ ನೋಡಿಕೊಂಡವರ ಹೆಸರು ಎಲ್ಲಿಯೂ ಬರೆಯಲ್ಪಡುವದಿಲ್ಲ.

ಅರಮನೆಗಳ ಇತಿಹಾಸವನ್ನು ಬರೆಯಲು ಶಾಸನ, ಬಖರು, ಕಡತಗಳ ನೆರವು ದೊರೆಯುವದು. ಗೃಹಸ್ಥನ ಮನೆಗೆ ಇಂಥ ಸಾಕ್ಷಿಗಳಿಲ್ಲ. ಅಲ್ಲಿ ಯಾರು ಹುಟ್ಟಿದರು, ಯಾರು ಹೋದರು, ಯಾವ ಬರಗಾಲದಲ್ಲಿ ಯಾವ ಒಡವೆ ಒತ್ತೆ ಬಿತ್ತು, ಯಾವ ಅತಿಥಿ ಒಂದು ದಿನಕ್ಕೆಂದು ಬಂದು ಒಂದು ತಿಂಗಳು ಉಳಿದನು ಎಂಬವೆಲ್ಲ ಅಜ್ಜಿಯ ನೆನಪಿನಲ್ಲಿದ್ದು ಅಜ್ಜಿಯೊಡನೆ ಹೋಗಿಬಿಡುವವು. ಆದಕಾರಣ ಒಬ್ಬ ಗೃಹಸ್ಥನ ಮನೆಯ ಕಥೆಯು ಸಾಕಷ್ಟು ಉಳಿದುಕೊಂಡಿದ್ದರೆ ಅದು ಹೇಗೆ ಉಳಿಯಿತೆಂಬದನ್ನು ವಿಚಾರಿಸಿ ನೋಡುವದು ಎಲ್ಲ ಗೃಹಸ್ಥರಿಗೂ ಉಪಯುಕ್ತವಾದೀತು. ಈ ತಿಂಗಳು ನಾವು ಅಂಥ ಒಂದು ಮನೆಯನ್ನು ಆರಿಸಿಕೊಂಡಿದ್ದೇವೆ. ಅದು ಧಾರವಾಡದ ಸಾಧನಕೇರಿಯಲ್ಲಿ, ಕೆರೆಯ ಮಗ್ಗುಲಲ್ಲಿ ಇರುವ ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಮನೆ.

ಮೊದಲು ನೆಲದ ಪರಿಚಯವಾಗಲಿ. ಧಾರವಾಡವು ಮಲೆನಾಡಿನ ಸೆರಗು ಮುಗಿದು ಬಯಲುಸೀಮೆಯ ಕರಿಯ ನೆಲ ಮೊದಲಾಗುವ ಸಂಧಿಯಲ್ಲಿದೆ. ಊರಿನಿಂದ ಪಡುವಣಕ್ಕೆ ನಡೆದರೆ ದಾರಿಯಲ್ಲಿ ಮೊದಲು ಸಾಧನಕೇರಿ, ಅದರಾಚೆಗೆ ಕೆಲಗೇರಿ. ಹಳಗನ್ನಡದಲ್ಲಿ ‘ಕೆಲ’ ಎಂದರೆ ಬದಿ, ಮಗ್ಗುಲು. ‘ಕೇರಿ’ ಎಂದರೆ ಜನವಸತಿ. ಊರಿನ ಬದಿಯ ಕೇರಿಯೆಂಬ ಅರ್ಥವೇ ಆ ಹೆಸರಿನಲ್ಲಿ ಕಿವಿಗೆ ತೋರುವದು. ಎರಡು ಕಡೆಯೂ ಕೆರೆಗಳಿವೆ. ಸಾಧನಕೇರಿಯ ಕೆರೆ ಚಿಕ್ಕದು, ಮನೆಗಳ ನಡುವಿನದು. ಕೆಲಗೇರಿಯದು ವಿಸ್ತಾರವಾದುದು, ಇಪ್ಪತ್ತನೆಯ ಶತಮಾನದ ಆರಂಭದ ಕಾಲದಲ್ಲಿ ಕಟ್ಟಲ್ಪಟ್ಟು ಧಾರವಾಡದ ಜನಕ್ಕೆ ಬಹುಕಾಲ ಕುಡಿಯುವ ನೀರನ್ನು ಕೊಟ್ಟುದು. ಹೀಗೆ ‘ಕೇರಿ’ ಮತ್ತು ‘ಕೆರೆ’ಗಳು ಒಂದರ ಮಗ್ಗುಲಲ್ಲಿ ಒಂದು ಇದ್ದುಕೊಂಡು, ಮನೆಯ ಬದುಕಿಗೂ ನೀರಿಗೂ ಇರುವ ನಂಟನ್ನು ಹೆಸರಿನಲ್ಲಿಯೇ ನೆನಪಿಸುತ್ತಿರುವವು.

ಈ ನೆಲದಲ್ಲಿ ವರ್ಷಕ್ಕೆ ಸುಮಾರು ೩೦ ಅಂಗುಲದಷ್ಟು ಮಳೆ ಬೀಳುವದು. ಅದರಲ್ಲಿ ಬಹುಪಾಲು ಮೃಗಶಿರದಿಂದ ಮೊದಲ್ಗೊಂಡು ಆಷಾಢ-ಶ್ರಾವಣಗಳಲ್ಲಿ ಜಿಟಿಜಿಟಿಯಾಗಿ ಸುರಿಯುವದು. ಪೂರ್ವದ ಬಯಲುಸೀಮೆಯ ಊರುಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮಾಳಿಗೆಮನೆಗಳು ಸಾಕಾಗುತ್ತಿದ್ದವು. ಪಡುವಣದ ಮಳೆಗೆ ಇಳಿಜಾರಾದ ಹಂಚಿನ ಮಾಡೇ ಬೇಕು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ಮಂಗಳೂರು ಹಂಚು ನಾಡಿನ ತುಂಬ ಹರಡಿತು. ಹಂಚಿನ ಮನೆಯು ನೋಡಲು ಚೆಂದ, ತಂಪಾದುದು; ಆದರೆ ಅದು ಬಾಳಿಕೆ ಬರುವದು ಒಂದು ಶರತ್ತಿನ ಮೇಲೆ ಮಾತ್ರ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಂಚುಗಳನ್ನು ಕೈಯಾಡಿಸಿ, ಒಡೆದವುಗಳನ್ನು ಬದಲಿಸಿ, ಜಂತಿಗೆ ಹುಳ ಹಿಡಿದಿದೆಯೆ ಎಂದು ನೋಡಬೇಕು. ಕೆರೆಯ ಮಗ್ಗುಲ ಮನೆಗಾದರೆ ಈ ಚಿಂತೆ ಇಮ್ಮಡಿ. ನೆಲದಿಂದ ತೇವವು ಏರುವದು, ಗೋಡೆಯ ಗಾರೆ ಪುಡಿಯಾಗುವದು, ಪುಸ್ತಕಗಳಿಗೆ ಬೂಸು ಹಿಡಿಯುವದು. ಒಂದು ವರ್ಷದ ಅಲಕ್ಷ್ಯವು ಹತ್ತು ವರ್ಷದ ಆಯುಷ್ಯವನ್ನು ಕಳೆಯುವದು.

ಇಂಥ ನೆಲದಲ್ಲಿ ನೆಲೆಗೊಂಡ ಕವಿಗೆ ನೆಲೆಯೆಂಬದು ಸುಲಭವಾಗಿ ದೊರೆತುದಲ್ಲ. ಬೇಂದ್ರೆಯವರು ಹುಟ್ಟಿದ್ದು ೧೮೯೬ರ ಜನವರಿ ೩೧ರಂದು, ಧಾರವಾಡದಲ್ಲಿಯೇ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಅಂಬಿಕೆ ಬಡತನದಲ್ಲಿ ಮಕ್ಕಳನ್ನು ಬೆಳೆಸಿದರು. ಚಿಕ್ಕಪ್ಪನ ಆಶ್ರಯದಲ್ಲಿ ಪುಣೆಗೆ ಹೋಗಿ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ೧೯೧೮ರಲ್ಲಿ ಬಿ. ಎ. ಮುಗಿಸಿ, ಊರಿಗೆ ಮರಳಿ ಮಾಸ್ತರಿಕೆ ಹಿಡಿದರು. ಮುಂದೆ ಕವಿತೆಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ಅಂಬಿಕಾತನಯದತ್ತ’, ಎಂದರೆ ಅಂಬಿಕೆಯ ಮಗನಾದ ದತ್ತ. ತಂದೆಯ ಹೆಸರನ್ನು ಹಿಡಿದು ನಡೆಯುವದು ಲೋಕದ ರೂಢಿ. ಸಾಕಿದ ತಾಯಿಯ ಹೆಸರನ್ನು ಮುಂದಿಟ್ಟು ಕಾವ್ಯಕ್ಕೆ ಇಳಿದ ಈ ಕವಿಯು ಕಾಯ್ದವರ ಋಣವನ್ನು ಮೊದಲ ದಿನದಿಂದಲೇ ಅರಿತಿದ್ದನೆಂದು ಹೇಳಬೇಕು.

೧೯೨೨ರ ಸುಮಾರಿಗೆ ಅವರ ಸುತ್ತಲೂ ‘ಗೆಳೆಯರ ಗುಂಪು’ ಕೂಡಿತು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿನಾಯಕ ಕೃಷ್ಣ ಗೋಕಾಕ, ರಂ. ಶ್ರೀ. ಮುಗಳಿ ಮುಂತಾದವರು ಬೇರೆ ಬೇರೆ ಕಾಲದಲ್ಲಿ ಆ ಬಳಗವನ್ನು ಸೇರಿದರು. ಹಲಸಂಗಿಯ ಮಧುರಚೆನ್ನರ ಸ್ನೇಹವೂ ಇದೇ ಕಾಲದ್ದು. ಈ ಗೆಳೆಯರಿಗೆ ಸಭಾಗೃಹವಿರಲಿಲ್ಲ. ಧಾರವಾಡದ ಅತ್ತಿಕೊಳ್ಳದ ಮರದ ನೆರಳೇ ಅವರ ಮನೆಯಾಗಿತ್ತು. ಅಲ್ಲಿ ಕವಿತೆಗಳು ಓದಲ್ಪಟ್ಟವು, ಪತ್ರಿಕೆಗಳ ಯೋಚನೆಗಳು ನಡೆದವು, ಕನ್ನಡನಾಡು ಒಂದಾಗಬೇಕೆಂಬ ಕನಸು ಬೆಳೆಯಿತು. ಗೋಡೆಯಿಲ್ಲದ ಮನೆಯಲ್ಲಿ ಕುಳಿತವರು ಒಂದು ನಾಡಿಗೆ ಅಡಿಪಾಯ ಹಾಕಿದರೆಂಬದನ್ನು, ಮನೆಯೆಂದರೆ ಗೋಡೆಯೆಂದು ತಿಳಿದಿರುವವರು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

೧೯೩೨ರಲ್ಲಿ ‘ಗರಿ’ ಎಂಬ ಕವನಸಂಗ್ರಹ ಹೊರಬಿದ್ದಿತು. ಅದರಲ್ಲಿದ್ದ ‘ನರಬಲಿ’ ಎಂಬ ಕವಿತೆಯಲ್ಲಿ ರಾಜದ್ರೋಹವಿದೆಯೆಂದು ಬ್ರಿಟಿಶ್ ಸರಕಾರವು ಕವಿಯನ್ನು ಹಿಡಿದು ಬೆಳಗಾವಿಯ ಹಿಂಡಲಗಾ ಸೆರೆಮನೆಗೆ ಕಳಿಸಿತು. ಬಳಿಕ ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ಅವರನ್ನು ನಿರ್ಬಂಧದಲ್ಲಿಟ್ಟರು. ತನ್ನ ಊರು ಕೆಲವೇ ಹರದಾರಿಯ ದೂರದಲ್ಲಿದ್ದರೂ ಅಲ್ಲಿಗೆ ಹೋಗುವ ಸ್ವಾತಂತ್ರ್ಯವಿಲ್ಲದವನಿಗೆ ಮನೆಯ ಬೆಲೆ ತಿಳಿಯುವಷ್ಟು ಮತ್ತಾರಿಗೂ ತಿಳಿಯಲಾರದು. ಬಿಡುಗಡೆಯಾದ ಮೇಲೆಯೂ ಬದುಕು ಸರಾಗವಾಗಲಿಲ್ಲ. ಕೆಲಸ ಹೋಗಿತ್ತು, ಸ್ಥಿರವಾದ ಉದ್ಯೋಗವಿಲ್ಲದೆ ವರ್ಷಗಳೇ ಕಳೆದವು. ಆದರೂ ಅದೇ ಕಷ್ಟಕಾಲದಲ್ಲಿ, ೧೯೩೩ರಲ್ಲಿ, ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ ಹಿಂದೆ ಅವರ ಬೆಂಬಲವಿತ್ತು, ೧೯೩೫ರಲ್ಲಿ ಎಂ. ಎ. ಪರೀಕ್ಷೆಯನ್ನು ಮುಗಿಸಿದರು, ೧೯೩೭ರಲ್ಲಿ ‘ಸಖೀಗೀತ’, ೧೯೩೮ರಲ್ಲಿ ‘ನಾದಲೀಲೆ’ ಬೆಳಕು ಕಂಡವು.

ಸಾಧನಕೇರಿಯ ಮನೆಯ ಹೆಸರು ‘ಶ್ರೀಮಾತಾ’. ಕವಿಯ ಅಂಕಿತದಲ್ಲಿಯೂ ತಾಯಿ, ಮನೆಯ ಹೆಸರಿನಲ್ಲಿಯೂ ತಾಯಿ. ಈ ಮನೆಯ ವಿಶೇಷವೆಂದರೆ ಒಳಗಿನ ಮಾತು ಒಂದು, ಹೊರಗಿನ ಮಾತು ಇನ್ನೊಂದು. ಬೇಂದ್ರೆಯವರ ಮನೆಮಾತು ಮರಾಠಿ. ಆದರೆ ಧಾರವಾಡದ ಪೇಟೆಯಲ್ಲಿ, ಸಂತೆಯಲ್ಲಿ, ಹೊಲದ ಬದುವಿನಲ್ಲಿ ಕೇಳಿಬರುತ್ತಿದ್ದ ಜನರ ಕನ್ನಡವನ್ನು ಅವರು ಕಾವ್ಯದ ಭಾಷೆಯನ್ನಾಗಿ ಏರಿಸಿದರು. ಗ್ರಾಂಥಿಕರು ಒರಟೆಂದು ತಳ್ಳಿದ್ದ ಮಾತಿನಲ್ಲಿ ಎಂಥ ನಾದವಿದೆಯೆಂಬದು ಕನ್ನಡಿಗರಿಗೆ ತಿಳಿದದ್ದು ಅವರಿಂದ. ಎರಡು ಭಾಷೆಗಳು ಒಂದೇ ಹೊಸ್ತಿಲನ್ನು ದಾಟಿ ಜಗಳವಿಲ್ಲದೆ ಒಳಗೂ ಹೊರಗೂ ಓಡಾಡಿದ ಮನೆಯದು. ಗಡಿಯ ಹೆಸರಿನಲ್ಲಿ ಭಾಷೆಗಳನ್ನು ಹಗೆಗಳೆಂದು ಎಣಿಸುವವರು ಈ ಹೊಸ್ತಿಲನ್ನು ಒಮ್ಮೆ ನೋಡಿಬರುವದು ಒಳಿತು.

ಸಾಧನಕೇರಿಯೆಂಬ ಹೆಸರಿನಲ್ಲಿಯೇ ಕವಿಗೆ ಶ್ಲೇಷೆಯೊಂದು ಸಿಕ್ಕಿತು. ಸಾಧನೆಯ ಕೇರಿ ಎಂಬ ಅರ್ಥ ಅದಕ್ಕೆ ತಾನಾಗಿ ಒದಗಿ ಬಂದಿತು. ಈ ಕೇರಿಗೆ ಬಾ ಎಂದು ಕರೆಯುವ ಅವರ ಕವಿತೆ ಹಾಡುಗಾರರ ಕಂಠದಲ್ಲಿ ನೆಲಸಿ, ಧಾರವಾಡವನ್ನು ಕಾಣದವರಿಗೂ ಈ ಕೆರೆಯ ದಂಡೆಯ ಪರಿಚಯವನ್ನು ಮಾಡಿಕೊಟ್ಟಿತು. ಮೋಡ, ತುಂತುರು, ಹಸುರು, ಶ್ರಾವಣದ ಗಾಳಿ ಇವೆಲ್ಲ ಅವರ ಕಾವ್ಯದಲ್ಲಿ ಮತ್ತೆ ಮತ್ತೆ ಬರುವವು. ಅವು ಗ್ರಂಥಗಳಿಂದ ಬಂದ ವರ್ಣನೆಗಳಲ್ಲವೆಂಬದು ಮಳೆಗಾಲದಲ್ಲಿ ಈ ಪಡುವಣದ ದಾರಿಯನ್ನು ನಡೆದವರಿಗೆ ತಿಳಿಯುವದು.

ಆದರೆ ಮನೆಯ ಕಥೆಯೆಂದರೆ ಕವಿಯ ಕಥೆಯಷ್ಟೇ ಅಲ್ಲ. ಬೇಂದ್ರೆಯವರ ಪತ್ನಿ ಲಕ್ಷ್ಮೀಬಾಯಿಯವರು. ಮದುವೆಯಾದದ್ದು ೧೯೧೯ರಲ್ಲಿ. ಗಂಡನ ಸೆರೆವಾಸ, ಉದ್ಯೋಗವಿಲ್ಲದ ವರ್ಷಗಳು, ಬಂದುಹೋಗುವ ಗೆಳೆಯರು, ಹೊತ್ತಿನ ಅರಿವಿಲ್ಲದ ಮಾತುಕತೆ ಇವೆಲ್ಲವನ್ನೂ ಅಡಿಗೆಮನೆಯ ಕಡೆಯಿಂದ ತೂಗಿಸಿದವರು ಅವರು. ದಂಪತಿಗಳು ಒಂದರ ಮೇಲೊಂದರಂತೆ ಹಲವು ಮಕ್ಕಳನ್ನು ಕಳೆದುಕೊಂಡರು. ಮಗು ತೀರಿಹೋದ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಅಳಲು ಕನ್ನಡದ ಅತ್ಯಂತ ಪ್ರಸಿದ್ಧವಾದ ಶೋಕಗೀತೆಗಳಲ್ಲೊಂದಾಗಿ ಉಳಿದಿದೆ. ‘ಸಖೀಗೀತ’ವಂತೂ ಅವರ ದಾಂಪತ್ಯದ ಕಥೆಯೇ. ಸುಖದುಃಖಗಳ ಸಮಪಾಲಿನ ಆ ಸಂಸಾರವನ್ನು ಕವಿಯು ಮುಚ್ಚುಮರೆಯಿಲ್ಲದೆ ಹಾಡಿದ್ದಾನೆ.

ಇಲ್ಲಿ ನಮ್ಮ ಓದುಗರು, ವಿಶೇಷವಾಗಿ ಗೃಹಿಣಿಯರು, ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಈ ಸಂಸಾರದ ಕಥೆ ನಾಡಿಗೆ ತಿಳಿದದ್ದು ಗಂಡನ ಬಾಯಿಯಿಂದ. ಗಂಡನು ವರಕವಿಯಾದುದರಿಂದ ಆಕೆಯ ಕಣ್ಣೀರು ಕಾವ್ಯವಾಗಿ ಉಳಿಯಿತು. ಗಂಡನು ಕಾರಕೂನನೋ ಒಕ್ಕಲಿಗನೋ ಆಗಿದ್ದ ಸಾವಿರಾರು ಮನೆಗಳಲ್ಲಿ ಅದೇ ಕಣ್ಣೀರು ಸೆರಗಿನಲ್ಲಿಯೇ ಇಂಗಿಹೋಗಿದೆ. ಮನೆಯನ್ನು ನಿಜವಾಗಿ ಕಾಯ್ದವರ ಲೆಕ್ಕ ನಮ್ಮಲ್ಲಿ ಬರೆಯಲ್ಪಟ್ಟಿಲ್ಲ.

ಬೇರೆ ಕಡೆಗಳಲ್ಲಿ ಇದು ಹೇಗೆ ನಡೆಯಿತೆಂಬದಕ್ಕೆ ಒಂದು ದೃಷ್ಟಾಂತವನ್ನು ನೋಡೋಣ. ಇಂಗ್ಲಂಡದ ಉತ್ತರ ಭಾಗದ ಸರೋವರಸೀಮೆಯಲ್ಲಿ ಗ್ರಾಸ್ಮೀರ್ ಎಂಬ ಸಣ್ಣ ಊರು. ಅಲ್ಲಿಯ ಸರೋವರದ ಸಮೀಪದ ಮನೆಯೊಂದಕ್ಕೆ ೧೭೯೯ರ ಡಿಸೆಂಬರಿನಲ್ಲಿ ಕವಿ ವರ್ಡ್ಸ್‌ವರ್ತನು ತನ್ನ ತಂಗಿ ಡೊರೊಥಿಯೊಡನೆ ಬಾಡಿಗೆಗೆ ಬಂದನು. ಮೊದಲು ಅದೊಂದು ಪಾನಗೃಹವಾಗಿತ್ತು. ೧೮೦೮ರ ವರೆಗೆ ಕವಿಯು ಅಲ್ಲಿದ್ದನು. ಇಂದು ಅದು ‘ಡವ್ ಕಾಟೇಜ್’ ಎಂದು ಜಗತ್ಪ್ರಸಿದ್ಧವಾಗಿದೆ. ೧೮೯೦ರಲ್ಲಿ ಜನರಿಂದ ಕೂಡಿಸಿದ ಹಣದಿಂದ ಅದನ್ನು ಕೊಂಡು, ಮರುವರ್ಷ ಸಾರ್ವಜನಿಕರಿಗೆ ತೆರೆದರು. ಆ ಮನೆಯಲ್ಲಿ ಯಾವ ದಿನ ರೊಟ್ಟಿ ಸುಟ್ಟರು, ಯಾವ ದಿನ ತೋಟದಲ್ಲಿ ಅವರೆ ನೆಟ್ಟರು, ಯಾವ ಭಿಕ್ಷುಕಿ ಬಾಗಿಲಿಗೆ ಬಂದಳು, ಯಾವ ಸಂಜೆ ಸರೋವರದ ಮೇಲೆ ಬೆಳಕು ಹೇಗಿತ್ತು ಎಂಬುವೆಲ್ಲ ಇಂದಿಗೂ ತಿಳಿದಿರುವವು. ಏಕೆಂದರೆ ಡೊರೊಥಿ ೧೮೦೦ರಿಂದ ೧೮೦೩ರ ವರೆಗೆ ದಿನಚರಿಯನ್ನು ಬರೆದಿಟ್ಟಳು. ಮುದ್ರಣಕ್ಕೆಂದು ಬರೆದ ಗ್ರಂಥವಲ್ಲವದು. ಮನೆಗೆಲಸದ ನಡುವೆ ಗೀಚಿದ ಟಿಪ್ಪಣಿಗಳು. ಆದರೆ ಅಣ್ಣನು ಕೆಲವು ಕವಿತೆಗಳಿಗೆ ಸಾಮಗ್ರಿಯನ್ನು ಆರಿಸಿಕೊಂಡದ್ದು ಆ ಟಿಪ್ಪಣಿಗಳಿಂದಲೇ. ಮನೆಯ ಗೋಡೆಯನ್ನು ಕಾಯ್ದವರು ಊರವರು. ಮನೆಯ ಜೀವವನ್ನು ಕಾಯ್ದಿಟ್ಟವಳು ಆ ತಂಗಿ.

ಮರಳಿ ಸಾಧನಕೇರಿಗೆ ಬರೋಣ. ೧೯೪೩ರಲ್ಲಿ ಬೇಂದ್ರೆಯವರು ಶಿವಮೊಗ್ಗೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಾಡು ಅಷ್ಟು ದೊಡ್ಡ ಗೌರವವನ್ನು ಕೊಟ್ಟರೂ ಹೊಟ್ಟೆಯ ಪಾಡಿಗೆ ಊರು ಬಿಡಬೇಕಾಯಿತು. ೧೯೪೪ರಿಂದ ೧೯೫೬ರ ವರೆಗೆ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಹನ್ನೆರಡು ವರ್ಷಗಳ ತರುವಾಯ ಅವರು ಸಾಧನಕೇರಿಗೆ ಮರಳಿದ್ದು, ೧೯೫೬ರ ನವೆಂಬರ ೧ರಂದು ಕನ್ನಡನಾಡು ಒಂದುಗೂಡಿದ ವರ್ಷವೇ ಆದದ್ದು ಒಂದು ಯೋಗಾಯೋಗ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡವೂ ಕವಿಯೂ ಸರಿಸುಮಾರು ಒಂದೇ ಕಾಲಕ್ಕೆ ತಮ್ಮ ಮನೆಯನ್ನು ಸೇರಿದಂತಾಯಿತು. ಧಾರವಾಡದ ಆಕಾಶವಾಣಿಗೆ ಅವರು ಸಲಹೆಗಾರರಾದರು.

ಅಲ್ಲಿಂದ ಮುಂದೆ ಈ ಮನೆಯ ಬಾಗಿಲಿಗೆ ನಾಡೇ ಬಂದಿತು. ‘ಅರಳು ಮರಳು’ ಸಂಕಲನಕ್ಕೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, ೧೯೬೮ರಲ್ಲಿ ಪದ್ಮಶ್ರೀ, ೧೯೬೪ರಲ್ಲಿ ಪ್ರಕಟವಾಗಿದ್ದ ‘ನಾಕುತಂತಿ’ಗೆ ೧೯೭೩ರ ಜ್ಞಾನಪೀಠ ಪ್ರಶಸ್ತಿ ಬಂದವು. ಜ್ಞಾನಪೀಠವನ್ನು ಅವರು ಒಡಿಯಾ ಸಾಹಿತಿ ಗೋಪೀನಾಥ ಮಹಾಂತಿಯವರೊಡನೆ ಹಂಚಿಕೊಂಡರು. ಇಳಿವಯಸ್ಸಿನಲ್ಲಿ ಕವಿಯ ಮನಸ್ಸು ಸಂಖ್ಯೆಗಳ ರಹಸ್ಯದ ಕಡೆಗೆ ತಿರುಗಿತ್ತು. ಕವಿತೆ ಕೇಳಲು ಬಂದವರು ಅಂಕೆಗಳ ಲೆಕ್ಕವನ್ನು ಕೇಳಿಕೊಂಡು ಹೋದ ಪ್ರಸಂಗಗಳನ್ನು ಧಾರವಾಡದವರು ನಗುತ್ತ ಹೇಳುವರು. ೧೯೮೧ರ ಅಕ್ಟೋಬರ ೨೬ರಂದು ಬೇಂದ್ರೆಯವರು ಮುಂಬಯಿಯಲ್ಲಿ ತೀರಿಕೊಂಡರು.

ದೊಡ್ಡವರು ಹೋದ ಮೇಲೆ ಮನೆಯ ನಿಜವಾದ ಪರೀಕ್ಷೆ ಆರಂಭವಾಗುವದು. ಕಪಾಟಿನ ತುಂಬ ಕಾಗದ. ಯಾವುದು ಕವಿತೆ, ಯಾವುದು ಕಿರಾಣಿಯ ಪಟ್ಟಿ ಎಂದು ಬಿಡಿಸಿ ನೋಡುವ ತಾಳ್ಮೆ ಯಾರಿಗೆ? ಎಷ್ಟೋ ಪಂಡಿತರ ಬಾಳಿನ ದುಡಿಮೆ ವರ್ಷಾಂತಿಕ ಮುಗಿಯುವದರೊಳಗೆ ರದ್ದಿಯ ಅಂಗಡಿಯನ್ನು ಸೇರಿದೆ. ಇಲ್ಲಿ ಹಾಗಾಗಲಿಲ್ಲ. ಮಗ ವಾಮನ ಬೇಂದ್ರೆಯವರು ತಂದೆಯ ಹಸ್ತಪ್ರತಿಗಳನ್ನು ಜೋಪಾನವಾಗಿಟ್ಟು, ಕಾಲಾನುಕ್ರಮವಾಗಿ ಹೊಂದಿಸಿ, ಸಮಗ್ರ ಕಾವ್ಯವನ್ನು ‘ಔದುಂಬರಗಾಥೆ’ ಎಂಬ ಹೆಸರಿನ ಸಂಪುಟಗಳಲ್ಲಿ ಸಂಪಾದಿಸಿದರು. ಸ್ವತಃ ಲೇಖಕರಾಗಿದ್ದವರು ತಮ್ಮ ಬಾಳಿನ ದೊಡ್ಡ ಭಾಗವನ್ನು ತಂದೆಯ ಅಕ್ಷರಗಳನ್ನು ಓರಣವಾಗಿಡುವದಕ್ಕೆ ಕೊಟ್ಟದ್ದು ಸಣ್ಣ ತ್ಯಾಗವಲ್ಲ. ಔದುಂಬರವೆಂದರೆ ಅತ್ತಿಯ ಮರ. ಅತ್ತಿಕೊಳ್ಳದ ನೆರಳಿನಲ್ಲಿ ಹುಟ್ಟಿದ ಕಾವ್ಯಕ್ಕೆ ಆ ಹೆಸರು ಬಂದು ಹೊಂದಿಕೊಂಡಿದೆ.

ಕುಟುಂಬದ ಕೆಲಸದ ಮೇಲೆ ನಾಡಿನ ಕೆಲಸವೂ ಬಂದು ಸೇರಿತು. ಸಾಧನಕೇರಿಯಲ್ಲಿ ಬೇಂದ್ರೆ ಭವನವು ಎದ್ದು ನಿಂತಿದೆ; ಡಾ. ದ. ರಾ. ಬೇಂದ್ರೆ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ಅದನ್ನು ನಡೆಸುತ್ತಿದೆ. ಕವಿಯ ಭಾವಚಿತ್ರಗಳನ್ನೂ ಗ್ರಂಥಗಳನ್ನೂ ಅಲ್ಲಿ ಕಾಣಬಹುದು. ಜನವರಿ ೩೧ರ ಜನ್ಮದಿನವು ಕವಿದಿನವಾಗಿ ನಡೆಯುವದು, ಅಂಬಿಕಾತನಯದತ್ತ ಪ್ರಶಸ್ತಿಯು ಸಾಹಿತಿಗಳಿಗೆ ಸಲ್ಲುವದು.

ಎಲ್ಲ ಮನೆಗಳಿಗೂ ಈ ಭಾಗ್ಯವಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರು ತಾವೇ ಕಟ್ಟಿಸಿ ವಾಸವಾಗಿದ್ದ ಮನೆಯನ್ನು ೨೦೧೧ರಲ್ಲಿ ಕೆಡವತೊಡಗಿದ್ದರು. ಸುದ್ದಿ ಹೊರಬಿದ್ದು ಜನರು ಕೂಗೆಬ್ಬಿಸಿದ ಮೇಲೆ ಕೆಲಸ ನಿಂತಿತು. ನಗರಪಾಲಿಕೆಯು ಮನೆಯನ್ನು ಕೊಂಡು ದುರಸ್ತಿ ಮಾಡಿಸಿ ೨೦೧೬ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಒಂದು ವಾರ ತಡವಾಗಿದ್ದರೆ ಉಳಿಯುತ್ತಿದ್ದುದು ಬಯಲು ನಿವೇಶನ ಮಾತ್ರ. ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ಮನೆಯು ಕಂಬ ತೊಲೆಗಳ ಸಹಿತವಾಗಿ ಕವಿಮನೆಯಾಗಿ ನಿಂತಿರುವದಕ್ಕೆ ಅಲ್ಲಿಯ ಪ್ರತಿಷ್ಠಾನದ ಎಡೆಬಿಡದ ನಿಗಾ ಕಾರಣ. ಮನೆಯವರು ಜೋಪಾನ ಮಾಡಬೇಕು, ಊರವರು ಎಚ್ಚರವಾಗಿರಬೇಕು, ಸರಕಾರವು ಕೈಕೊಡಬೇಕು. ಮೊದಲಿನವರು ಮರೆತರೆ ಕೊನೆಯವರಿಗೆ ಕಾಯಲು ಏನೂ ಉಳಿದಿರುವದಿಲ್ಲ.

ಇಷ್ಟಕ್ಕೆ ಕಥೆ ಮುಗಿಯಿತೆನ್ನುವಂತಿಲ್ಲ. ಇದು ಕೆರೆಯ ದಂಡೆಯ ಮನೆ; ಕೆರೆಯು ಹೋದರೆ ಮನೆಯ ಅರ್ಧ ಇತಿಹಾಸವು ಹೋದಂತೆ. ಕೆರೆಯನ್ನು ಕಟ್ಟುವದರಲ್ಲಿ ನಮ್ಮ ಪೂರ್ವಿಕರಿಗಿದ್ದ ಶ್ರದ್ಧೆ ಎಲ್ಲರಿಗೂ ತಿಳಿದುದೇ. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ಹಾಲೂಡುವ ತಾಯಿ ಮಗನ ಕಿವಿಯಲ್ಲಿ ಹೇಳುವ ಮೊದಲ ಬುದ್ಧಿಯೇ ಕೆರೆ ಕಟ್ಟಿಸೆಂಬದು. ‘ಕೆರೆಗೆ ಹಾರ’ದ ಕಥೆಯಲ್ಲಿ ಮನೆಯ ಕಿರಿಯ ಸೊಸೆಯ ಜೀವವೇ ನೀರಿಗೆ ಬೆಲೆಯಾಗುವದು. ಆದರೆ ಪೂರ್ವಿಕರು ಕಟ್ಟಿದಷ್ಟಕ್ಕೆ ಕೈ ತೊಳೆದುಕೊಳ್ಳಲಿಲ್ಲ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನ ದತ್ತಿಗಳು ಶಾಸನಗಳಲ್ಲಿ ಎಷ್ಟೋ ಬರುವವು. ಕೆರೆಯ ದುರಸ್ತಿಗೆ, ಹೂಳು ತೆಗೆಯುವದಕ್ಕೆ, ಏರಿಯನ್ನು ನೋಡಿಕೊಳ್ಳುವವನ ಜೀವನಕ್ಕೆ ಹೊಲಗದ್ದೆಗಳನ್ನು ಬಿಟ್ಟುಕೊಟ್ಟ ಏರ್ಪಾಡು ಅದು. ಕಾಯುವ ಕೆಲಸಕ್ಕೂ ಸಂಬಳವಿರಬೇಕೆಂಬದನ್ನು ಅವರು ಬಲ್ಲವರಾಗಿದ್ದರು.

ಕೆರೆಯ ಶರೀರವು ಮನೆಯ ಶರೀರದಂತೆಯೇ. ಏರಿಯು ಗೋಡೆ, ತೂಬು ಬಾಗಿಲು, ಕೋಡಿಯು ಹೆಚ್ಚಾದ ನೀರು ಹೊರಬೀಳುವ ಬಚ್ಚಲು, ಮಳೆಯ ನೀರನ್ನು ಹೊತ್ತು ತರುವ ಹಳ್ಳಗಳು ಅದರ ನರಗಳು. ಹಳ್ಳದ ದಾರಿಯಲ್ಲಿ ಕಟ್ಟಡವೆದ್ದರೆ ಕೆರೆಗೆ ನೀರು ಬಾರದು. ಕೋಡಿಯನ್ನು ಮುಚ್ಚಿದರೆ ನೀರು ಮನೆಗಳಿಗೆ ನುಗ್ಗುವದು. ಹಿಂದೆ ಒಕ್ಕಲಿಗರು ಬೇಸಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ, ಎರಡೂ ಒಂದೇ ಕೆಲಸದಲ್ಲಿ ದೊರೆಯುತ್ತಿದ್ದವು.

ಧಾರವಾಡಕ್ಕೆ ಈಗ ಕುಡಿಯುವ ನೀರು ಬರುವದು ಮಲಪ್ರಭೆಯಿಂದ. ನಲ್ಲಿಯ ನೀರು ಮನೆಗೆ ಬಂದದ್ದು ದೊಡ್ಡ ಉಪಕಾರ. ಬಿಂದಿಗೆ ಹೊತ್ತ ತಲೆಗಳಿಗೆ ಅದರ ಬೆಲೆ ಗೊತ್ತು. ಆದರೆ ದಿನಾಲು ಕೆರೆಗೆ ಹೋಗುವವರು ಇಲ್ಲವಾದೊಡನೆ ಕೆರೆಯನ್ನು ನೋಡುವ ಕಣ್ಣುಗಳೂ ಇಲ್ಲವಾದವು. ಕುಡಿಯುವ ನೀರಾಗಿದ್ದಾಗ ಅದರಲ್ಲಿ ಯಾರಾದರೂ ಕಾಲು ತೊಳೆದರೆ ಊರೇ ಬಯ್ಯುತ್ತಿತ್ತು. ಆ ಮಾತು ಹಿಂದಾದ ಮೇಲೆ ಚರಂಡಿಯ ನೀರು ಸೇರಿದರೂ ಕೇಳುವವರಿಲ್ಲವಾಯಿತು. ಕೆಲಗೇರಿಯ ಕೆರೆಯನ್ನು ಒಂದಕ್ಕಿಂತ ಹೆಚ್ಚು ಸಲ ಜಲಕಳೆ ಮುಸುಕಿದ್ದುಂಟು. ದಕ್ಷಿಣ ಅಮೇರಿಕೆಯಿಂದ ಹೂವಿನ ಚೆಲುವಿಗಾಗಿ ತರಲ್ಪಟ್ಟು ಜಗತ್ತನ್ನೆಲ್ಲ ಹಬ್ಬಿದ ಗಿಡವದು. ಕೊಳೆನೀರನ್ನು ಉಂಡು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ನೀರಿಗೆ ಬೆಳಕು ಬೀಳದಂತೆ ಮಾಡಿ, ಮೀನುಗಳ ಉಸಿರನ್ನು ಕಟ್ಟುವದು. ದೂರದಿಂದ ನೋಡಿದವನಿಗೆ ಹಸುರು ಹಾಸಿದಂತೆ ಸೊಗಸಾಗಿ ಕಾಣುವದೇ ಅದರ ದೊಡ್ಡ ಮೋಸ. ಊರಿನ ನಾಗರಿಕರು ಮುಂದಾಗಿ ಕಳೆ ತೆಗೆಯುವ ಕೆಲಸಕ್ಕೆ ಇಳಿದದ್ದೂ ಉಂಟು. ಆದರೆ ಕೊಳೆ ಬರುವ ದಾರಿಯನ್ನು ಮುಚ್ಚದೆ ಕಳೆಯನ್ನು ಮಾತ್ರ ಕೀಳುವದು, ಸೋರುವ ಹಂಚನ್ನು ಬದಲಿಸದೆ ನೆಲ ಒರಸಿದಂತೆ. ಸಾಧನಕೇರಿಯ ಕೆರೆಯ ದಂಡೆಯಲ್ಲಿ ಈಗ ಉದ್ಯಾನವಾಗಿದೆ. ಸಂಜೆಗೆ ಮಕ್ಕಳುಮರಿಗಳೊಡನೆ ಜನ ಬರುವರು. ಜನ ಬಂದು ನೋಡುತ್ತಿರುವ ಕೆರೆ ಬೇಗ ಸಾಯುವದಿಲ್ಲ.

ಈ ಕಥೆಯಿಂದ ಗೃಹಸ್ಥರಾದ ನಾವು ತೆಗೆದುಕೊಳ್ಳತಕ್ಕ ಬುದ್ಧಿಯೇನು? ನಮ್ಮ ಮನೆಗಳಲ್ಲಿ ವರಕವಿಗಳಿಲ್ಲದಿರಬಹುದು. ನಮ್ಮ ಮನೆಯನ್ನು ಯಾವ ಟ್ರಸ್ಟೂ ಕಾಯಲಾರದು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವ ಪ್ರಸಂಗ ಎಲ್ಲರಿಗೂ ಬರುವದು; ಅದು ತಪ್ಪೆಂದು ಹೇಳುವ ಹಟ ನಮಗಿಲ್ಲ. ಬೆಳೆಯುವ ಸಂಸಾರಕ್ಕೆ ಕೋಣೆಗಳು ಬೇಕು, ಮುದುಕರಿಗೆ ಮೆಟ್ಟಿಲಿಲ್ಲದ ಬಚ್ಚಲು ಬೇಕು. ಆದರೆ ಕೆಡಹುವದಕ್ಕೆ ಮುಂಚೆ ಒಂದು ದಿನವನ್ನು ಅದರ ಇತಿಹಾಸಕ್ಕೆ ಕೊಡಬಾರದೇಕೆ? ಒಂದು ಗಟ್ಟಿ ರಟ್ಟಿನ ವಹಿಯನ್ನು ತೆಗೆದುಕೊಳ್ಳಿರಿ. ಮನೆ ಕಟ್ಟಿದ ವರ್ಷ, ಕಟ್ಟಿದ ಗೌಂಡಿ-ಬಡಿಗರ ಹೆಸರು, ಕಟ್ಟಿಗೆ ಬಂದ ಊರು, ಬಾವಿಗೆ ನೀರು ಬಿದ್ದ ಆಳ, ಅಲ್ಲಿ ಹುಟ್ಟಿದವರ ಮತ್ತು ತೀರಿದವರ ತಿಥಿ ಇವುಗಳನ್ನು ಬರೆಯಿರಿ. ಹಳೆಯ ಖರೀದಿಪತ್ರ, ಲಗ್ನಪತ್ರಿಕೆ, ದೂರದ ಊರಿನಿಂದ ಬಂದ ಓಲೆಗಳನ್ನು ಒಣಗಿದ ಪೆಟ್ಟಿಗೆಯಲ್ಲಿ ಬೇವಿನೆಲೆಯೊಡನೆ ಇಡಿರಿ. ಭಾವಚಿತ್ರಗಳ ಹಿಂದೆ ಯಾರು ಯಾರೆಂದು ಈಗಲೇ ಬರೆಯಿರಿ. ಗುರುತಿಸಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕು.

ಎಲ್ಲಕ್ಕೂ ಮುಖ್ಯವಾಗಿ, ಮನೆಯ ಹಿರಿಯ ಹೆಣ್ಣುಮಗಳನ್ನು ಕೂಡ್ರಿಸಿಕೊಂಡು ಕೇಳಿರಿ. “ನಂದೇನು ಬರೀತೀರಿ, ಬಿಡ್ರಿ” ಎಂದು ಆಕೆ ಮೊದಲು ನಗುವಳು. ಬಿಡಬೇಡಿರಿ. ಯಾವ ಮಳೆಗಾಲದಲ್ಲಿ ಗೋಡೆ ಕುಸಿಯಿತು, ಅಂದಿನ ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸಿದಳು, ಕಾಳು ತೀರಿದ ವರ್ಷ ನೆರೆಮನೆಯಿಂದ ಎಷ್ಟು ಸೇರು ಜೋಳ ತಂದಳು, ಅದನ್ನು ಯಾವಾಗ ತಿರುಗಿ ಮುಟ್ಟಿಸಿದಳು ಎಂಬದನ್ನು ಅವಳ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಡೊರೊಥಿಯಂತೆ ದಿನಚರಿ ಬರೆಯುವ ಅನುಕೂಲ ಆಕೆಗೆ ದೊರೆಯಲಿಲ್ಲ. ಅವಳ ಮೊಮ್ಮಗಳಿಗೆ ದೊರೆತಿದೆ. ಆ ವಹಿಯ ಮೊದಲ ಪುಟದಲ್ಲಿ ಕಟ್ಟಿದವನ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಕಾಯ್ದವಳ ಹೆಸರನ್ನೂ ಬರೆಯಲು ಮರೆಯಬೇಡಿರಿ.